ಅಜ್ಜನ 1967ರ ಫಿಯೆಟ್: ವಿಂಟೇಜ್ ನಂಬರ್ ತಗೊಳ್ಳೋದಾ, ಹಳೇ ನಂಬರನ್ನೇ ಉಳಿಸೋದಾ?

ಜಮಖಂಡಿ_ಬೆಲ್ಲ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು. ಆದರೆ ಹಿಂದಿನ ಕತೆ ಹೇಳದಿದ್ದರೆ ಅರ್ಥ ಆಗಲ್ಲ, ಅದಕ್ಕೇ ಉದ್ದ ಆಗಿದೆ, ಬೇಜಾರಾಗಬೇಡಿ.

ನಮ್ಮ ಅಜ್ಜ ಜಮಖಂಡಿಯಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದರು. 1967ರಲ್ಲಿ ಒಂದು ಫಿಯೆಟ್ ತಗೊಂಡರು. ಆಗ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತಂತೆ. ಬಿಳಿ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಸೋಫಾ ಥರ ಒಂದೇ ಉದ್ದ ಸೀಟು. ಆ ಸೀಟಿನಲ್ಲಿ ಅಜ್ಜ, ಅಜ್ಜಿ, ಮಧ್ಯೆ ನಮ್ಮ ಅತ್ತೆ. ಹಿಂದೆ ಅಪ್ಪ, ಇಬ್ಬರು ಕಾಕಾಗಳು, ಜೊತೆಗೆ ಬುತ್ತಿ ಗಂಟು. ಪ್ರತಿ ವರ್ಷ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ, ರಾತ್ರಿ ಕಂಪನಿ ನಾಟಕ ನೋಡಿ, ಬೆಳಗಿನ ಜಾವ ವಾಪಸ್ ಬರೋದು. ನಮ್ಮ ಮನೆಯಲ್ಲಿ ಈ ಗಾಡಿಯ ಮಾತು ಬಂದರೆ ಜಾತ್ರೆ ಮಾತು ಬಂದೇ ಬರುತ್ತದೆ.

ಅಜ್ಜ 2019ರಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷ ಮೊದಲು ಅಪ್ಪ ಆರ್‌ಸಿ ರಿನ್ಯೂವಲ್ ಮಾಡಿಸಿದ್ದರು, ಅಜ್ಜನ ಹೆಸರಲ್ಲೇ. ಅದು 2023ರ ಮಾರ್ಚ್‌ಗೆ ಮುಗಿದಿದೆ. ಲಾಕ್‌ಡೌನ್ ಬಂತು, ಅಪ್ಪನ ಮಂಡಿ ನೋವು ಶುರುವಾಯಿತು, ಗಾಡಿ ಗೋದಾಮಿನಲ್ಲಿ ನಿಂತುಬಿಟ್ಟಿತು. ಈಗ ಅದರ ಮೇಲೆ ಬೆಲ್ಲದ ಖಾಲಿ ಗೋಣಿಚೀಲ ಒಣಹಾಕಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಂಬರು ಎಂವೈ ಅಂತ ಶುರುವಾಗುವ ಹಳೇದು, ಮೈಸೂರು ರಾಜ್ಯದ ಕಾಲದ್ದು. ಪ್ಲೇಟು ಕರಿ, ಅಕ್ಷರ ಬಿಳಿ, ಪೇಂಟರ್ ಕೈಯಲ್ಲಿ ಬರೆದದ್ದು. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ.

ಒಬ್ಬ ಏಜೆಂಟ್‌ನ ಕೇಳಿದೆ. ಅವನು "ವಿಂಟೇಜ್ ಮಾಡಿಸಿಬಿಡ್ರೀ, ವಿಎ ನಂಬರ್ ಬರ್ತದ, ಗಾಡಿ ಖದರೇ ಬ್ಯಾರೆ ಆಗ್ತದ" ಅಂದ. ವಿಂಟೇಜ್ ಅಂದರೆ 50 ವರ್ಷ ದಾಟಿದ ಗಾಡಿಗೆ ಕೊಡುವ ಬೇರೆ ಥರದ ರಿಜಿಸ್ಟ್ರೇಷನ್, ವಿಎ ಅದರ ನಂಬರ್ ಸರಣಿ. ಎಲ್ಲ ಸೇರಿ 60 ಸಾವಿರ ಹೇಳಿದ. ನಾನೂ ಲೆಕ್ಕ ಹಾಕಿದೆ. ಮಾಮೂಲಿ ರಿನ್ಯೂವಲ್‌ಗೆ ಈಗ 20 ವರ್ಷ ದಾಟಿದ ಕಾರಿಗೆ 10,000 ಫೀ. ಅದರ ಮೇಲೆ ತಡ ಆಗಿದ್ದಕ್ಕೆ ತಿಂಗಳಿಗೆ 500. 2023ರ ಮಾರ್ಚ್‌ನಿಂದ 2025ರ ನವೆಂಬರ್‌ವರೆಗೆ 32 ತಿಂಗಳು, ಅಂದರೆ 16,000. ಒಟ್ಟು 26,000, ಅದೂ ಐದೇ ವರ್ಷಕ್ಕೆ. ವಿಂಟೇಜ್‌ಗೆ ಸರ್ಕಾರಿ ಫೀ 20,000, ಹತ್ತು ವರ್ಷ ನಡೆಯುತ್ತದೆ. ಹಾಗಾದರೆ ವಿಂಟೇಜೇ ಅಗ್ಗ ಅಲ್ವಾ? ನಾನೇನಾದರೂ ತಪ್ಪು ತಿಳಿದಿದ್ದೇನಾ?

ಇನ್ನೊಂದು ತೊಂದರೆ ಇದೆ. ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಚೇಸಿಸ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ. ಆರ್‌ಸಿ ಬುಕ್ಕು ಗೆದ್ದಲು ಹಿಡಿದು ಆ ಜಾಗದಲ್ಲೇ ತೂತಾಗಿದೆ. ಗಾಡಿ ಮೇಲೆ ಇರುವುದನ್ನು ಓದಿ ಹಾಕಿದರೆ ತಾಳೆ ಆಗುತ್ತಿಲ್ಲ. ಏಜೆಂಟ್ ಅದಕ್ಕೂ "ನಂಬರ್ ಹೊಡಸೂಣ ಬಿಡ್ರೀ" ಅಂದ. ಅದು ಕೇಳಿ ಸ್ವಲ್ಪ ಹೆದರಿಕೆ ಆಯಿತು.

ತಿಳಿದವರು ಹೇಳಿ.


ಕ್ಯಾಂಪ್_ಕಾಕಾ

ತಮ್ಮಾ, ಮೊದಲು ಆ ಏಜೆಂಟ್‌ಗೆ ಒಂದು ದೊಡ್ಡ ನಮಸ್ಕಾರ ಹಾಕಿ ಕಳಿಸು.

ನಾನು ಬೆಳಗಾವಿಯವನು. 1970ರ ಅಂಬಾಸಿಡರ್ ಮಾರ್ಕ್ 2 ಇಟ್ಟುಕೊಂಡಿದ್ದೇನೆ, ಮೂರು ಸಲ ರಿನ್ಯೂವಲ್ ಮಾಡಿಸಿದ್ದೇನೆ. ಈ ವಿಂಟೇಜ್ ನಿಯಮ ಬಂದಾಗ ನಾನೂ ನಿನ್ನ ಹಾಗೇ ಕುಣಿದಿದ್ದೆ. ಪೂರ್ತಿ ಓದಿದ ಮೇಲೆ ಸುಮ್ಮನಾದೆ. ಯಾಕೆ ಅಂತ ಹೇಳುತ್ತೇನೆ.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು, 81ಎ ಇಂದ 81ಜಿ ವರೆಗೆ ಹೊಸ ನಿಯಮ ಸೇರಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು, ಅಂದರೆ ಚೇಸಿಸ್, ಬಾಡಿ, ಎಂಜಿನ್ ಇವನ್ನು ಕೆದಕಿ ಬೇರೆ ಮಾಡಿರಬಾರದು. ನಿನ್ನ ಗಾಡಿಗೆ 58 ವರ್ಷ, ವಯಸ್ಸಿನ ಚಿಂತೆ ಇಲ್ಲ. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ, ಫಾರ್ಮ್ 20. ಜೊತೆಗೆ ಇನ್ಶೂರೆನ್ಸ್, ಹಳೇ ಆರ್‌ಸಿ. ಹೊರದೇಶದಿಂದ ತಂದದ್ದಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್ ಕಾಗದ). ರಾಜ್ಯದ ನೋಡಲ್ ಅಧಿಕಾರಿ, ಒಂದು ಸಮಿತಿ, ಅವರು ಗಾಡಿ ನೋಡಿ ಒಪ್ಪಿದರೆ 60 ದಿನದಲ್ಲಿ ಸರ್ಟಿಫಿಕೇಟ್. ಫೀ ನೀನು ಹೇಳಿದ್ದೇ, ಹೊಸದಕ್ಕೆ 20,000. ಹತ್ತು ವರ್ಷ ಆದ ಮೇಲೆ ಮತ್ತೆ ಮಾಡಿಸಲು 5,000.

ಈಗ ಏಜೆಂಟ್ ಹೇಳದೇ ಬಿಟ್ಟ ಮಾತು. ವಿಎ ನಂಬರು ಹೊಸದಾಗಿ ರಿಜಿಸ್ಟರ್ ಆಗುವ ಗಾಡಿಗೆ. ಕೆಎ, ಆಮೇಲೆ ವಿಎ, ಆಮೇಲೆ ಎರಡು ಅಕ್ಷರ, ನಾಲ್ಕು ಅಂಕಿ. ಆದರೆ ಮೊದಲೇ ಭಾರತದಲ್ಲಿ ರಿಜಿಸ್ಟರ್ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು ಅಂತ ಅದೇ ನಿಯಮದಲ್ಲಿ ಬರೆದಿದೆ. ಅಂದರೆ ನಿನ್ನ ಎಂವೈ ನಂಬರು ಎರಡೂ ದಾರಿಯಲ್ಲಿ ಉಳಿಯುತ್ತದೆ. ಖದರಿಗೋಸ್ಕರ 20 ಸಾವಿರ ಕೊಟ್ಟು ವಿಎ ನಂಬರು ತಗೊಂಡು ಅಜ್ಜನ ನಂಬರನ್ನು ಕಳಕೊಳ್ಳೋದು ಯಾವ ಶಾಣ್ಯಾತನ ಹೇಳು. ಗ್ಯಾರೇಜ್‌ನಲ್ಲಿ ಕಾಗದವೇ ಇಲ್ಲದೆ ಬಿದ್ದಿರುವ ಹಳೇ ಗಾಡಿಗಳಿಗೆ, ಬೇರೆ ದೇಶದಿಂದ ಬಂದ ಗಾಡಿಗಳಿಗೆ ಆ ವಿಎ ಸರಣಿ ನಿಜವಾಗಿ ಉಪಯೋಗ.

ಅದಕ್ಕಿಂತ ದೊಡ್ಡದು, ಓಡಿಸುವ ವಿಷಯ. ವಿಂಟೇಜ್ ಅಂತ ರಿಜಿಸ್ಟರ್ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಅಷ್ಟೇ. ಬಾಡಿಗೆಗಂತೂ ಇಲ್ಲವೇ ಇಲ್ಲ, ಮದುವೆಗೆ ಹೂ ಕಟ್ಟಿ ಕಳಿಸಿ ದುಡ್ಡು ಮಾಡೋಣ ಅನ್ನುವವರು ಇದನ್ನು ಎರಡು ಸಲ ಓದಲಿ. ನಮ್ಮ ಕಡೆ ವಿಂಟೇಜ್ ರ‍್ಯಾಲಿ ವರ್ಷಕ್ಕೆ ಎಷ್ಟು ನಡೆಯುತ್ತವೆ? ಬೆಂಗಳೂರು, ಮುಂಬೈಯವರ ಲೆಕ್ಕ ಬೇರೆ. ನನಗೆ ಭಾನುವಾರ ಬೆಳಿಗ್ಗೆ ಅಂಬಾಸಿಡರ್ ತೆಗೆದುಕೊಂಡು ಕಿತ್ತೂರಿನ ತನಕ ಹೋಗಿ, ಚಹಾ ಕುಡಿದು ಬರಬೇಕು. ಅದು ರ‍್ಯಾಲಿ ಅಲ್ಲ. ಹಾಗಾಗಿ ಮಾಮೂಲಿ ರಿನ್ಯೂವಲ್ಲೇ ನನಗೆ ಸರಿ ಬಂತು.

ನೀನು ಹಾಕಿದ ಲೆಕ್ಕ ಅಂಕಿಯಲ್ಲಿ ಸರಿ ಇದೆ. ಹಸಿರು ತೆರಿಗೆ, ಕಾರ್ಡಿನ ದುಡ್ಡು ಸ್ವಲ್ಪ ಮೇಲೆ ಬರುತ್ತದೆ. ಆದರೆ 26 ಸಾವಿರದಲ್ಲಿ 16 ಸಾವಿರ ನಿಮ್ಮ ಸೋಮಾರಿತನದ್ದು, ಅದು ಒಂದೇ ಸಲ. ತಿಂಗಳು ತಿಂಗಳು ಬೆಳೆಯುತ್ತಿದೆ, ಮೊದಲು ಅದನ್ನು ನಿಲ್ಲಿಸು. ಇನ್ಶೂರೆನ್ಸ್‌ನಲ್ಲಿ ಮಾತ್ರ ವಿಂಟೇಜ್‌ಗೆ ಲಾಭ ಇದೆ. ನಿನ್ನ ಎಂಜಿನ್ 1089 ಸಿಸಿ, 1000ದಿಂದ 1500 ಸಿಸಿ ಗುಂಪಿನ ಥರ್ಡ್ ಪಾರ್ಟಿ 2022ರಲ್ಲಿ 3,416 ಅಂತ ನಿಗದಿ ಆಯಿತು. ವಿಂಟೇಜ್ ಅಂತ ರಿಜಿಸ್ಟರ್ ಆಗಿದ್ದರೆ ಅದರಲ್ಲಿ ಅರ್ಧ. ವರ್ಷಕ್ಕೆ 1,708 ಉಳಿಸಲು ಹೋಗಿ ಗಾಡಿಯನ್ನು ಗೋದಾಮಿನಲ್ಲೇ ಇಡಬೇಕಾದರೆ, ಈಗಲೂ ಅಲ್ಲೇ ಇದೆಯಲ್ಲ!

ಇನ್ನೊಂದು ಮಾತು. ಅರ್ಜಿಯಲ್ಲಿ ಪದ್ಮಿನಿ ಅಂತ ಬರೆದುಬಿಡಬೇಡ. ಊರಲ್ಲಿ ಎಲ್ಲ ಫಿಯೆಟ್‌ಗೂ ಪದ್ಮಿನಿ ಅನ್ನುತ್ತಾರೆ. ಆ ಹೆಸರು ಬಂದದ್ದೇ 1974ರಲ್ಲಿ. ನಿನ್ನದು ಫಿಯೆಟ್ 1100 ಡಿಲೈಟ್ ಇರಬೇಕು, 1964ರಿಂದ ಮುಂಬೈ ಕುರ್ಲಾದಲ್ಲಿ ತಯಾರಾಗುತ್ತಿದ್ದದ್ದು. ಅದಕ್ಕೂ ಹಿಂದಿನದಕ್ಕೆ ನಮ್ಮ ಬೆಳಗಾವಿಯ ಮರಾಠಿ ಮಂದಿ ಡುಕ್ಕರ್ (ಹಂದಿ) ಫಿಯೆಟ್ ಅನ್ನುತ್ತಿದ್ದರು. ಅದರ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿತ್ತು. ಆರ್‌ಸಿಯಲ್ಲಿ ಏನು ಬರೆದಿದೆಯೋ ಅಕ್ಷರಕ್ಕೆ ಅಕ್ಷರ ಅದನ್ನೇ ಬರಿ.


ಗುಮ್ಮಟದ_ಜಾವಾ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ವಿಜಯಪುರದವನು, ನಮ್ಮ ತಂದೆಯ 1968ರ ಜಾವಾ ಇದೆ. ಮೈಸೂರಲ್ಲಿ ತಯಾರಾದದ್ದು. ಕಿಕ್ಕೂ ಅದೇ ಗೇರೂ ಅದೇ, ಒಂದೇ ಕಡ್ಡಿ. ಹೊಸ ಹುಡುಗರಿಗೆ ಕೊಟ್ಟರೆ ಸ್ಟಾರ್ಟ್ ಮಾಡಲು ಗೊತ್ತಾಗದೆ ಒದ್ದಾಡುತ್ತಾರೆ, ಅದನ್ನು ನೋಡೋದೇ ಒಂದು ಮಜಾ. ಈ ವಿಂಟೇಜ್ ನಿಯಮ ಬೈಕಿಗೂ ಇದೆಯಾ, ಕಾರಿಗೆ ಮಾತ್ರವಾ?


ಕ್ಯಾಂಪ್_ಕಾಕಾ

ಬೈಕಿಗೂ ಇದೆ. ಲಾರಿ, ಟ್ರ್ಯಾಕ್ಟರಿಗೆ ಇಲ್ಲ. ಆದರೆ ನಿನ್ನ ಆರ್‌ಸಿ ಜೀವಂತ ಇದ್ದರೆ ಸುಮ್ನೆ ರಿನ್ಯೂವಲ್ ಮಾಡಿಸಿಕೊಂಡು ಓಡಿಸು. 20 ವರ್ಷ ದಾಟಿದ ಬೈಕಿಗೆ 2,000. ತಡ ಆದರೆ ತಿಂಗಳಿಗೆ 300.


ನವನಗರ_ವಕೀಲೆ

ಬಾಗಲಕೋಟೆಯಿಂದ. ಎಲ್ಲರೂ ನಂಬರ್ ಪ್ಲೇಟ್ ಬಗ್ಗೆ ಮಾತಾಡುತ್ತಿದ್ದೀರಿ. ಗಾಡಿ ಇನ್ನೂ ತೀರಿಹೋದವರ ಹೆಸರಲ್ಲಿದೆ ಅನ್ನುವುದನ್ನು ಯಾರೂ ಎತ್ತಲೇ ಇಲ್ಲವಲ್ಲ!

ಜಮಖಂಡಿಯವರೇ, ನೀವು ವಿಂಟೇಜ್ ದಾರಿ ಹಿಡಿದರೂ, ಮಾಮೂಲಿ ದಾರಿ ಹಿಡಿದರೂ ಮೊದಲ ಕೆಲಸ ಹೆಸರು ಬದಲಾವಣೆ. ಮಾಲೀಕರು ತೀರಿಕೊಂಡರೆ ವಾರಸುದಾರರು ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕು, ಫಾರ್ಮ್ 31. ಫಾರ್ಮ್ 29, 30 ಮಾರಾಟಕ್ಕೆ, ಅವನ್ನು ನಿಮಗೆ ಯಾರಾದರೂ ತುಂಬಿಸಿಕೊಟ್ಟರೆ ಸಹಿ ಮಾಡಬೇಡಿ. ಕೆಲವರು ಅಜ್ಜನೇ ಮೊಮ್ಮಗನಿಗೆ ಮಾರಿದ ಹಾಗೆ ಹಳೇ ತಾರೀಖು ಹಾಕಿ ಸಹಿ ಎಳೆದುಬಿಡುತ್ತಾರೆ. ಸತ್ತವರ ಸಹಿ ಮಾಡಿದ್ದು ಸುಳ್ಳು ದಾಖಲೆ ಆಗುತ್ತದೆ. ಅದರಲ್ಲಿ ಸಿಕ್ಕಿಬಿದ್ದು ನನ್ನ ಹತ್ತಿರ ಬಂದವರು ಇದ್ದಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಬೇಕಾದ ಕಾಗದ: ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಬಾಂಡ್ ಪೇಪರಿನಲ್ಲಿ, ನೋಟರಿ ಮುಂದೆ. ಎಲ್ಲರೂ ಅಂದರೆ ನಿಮ್ಮ ಅಪ್ಪ, ಇಬ್ಬರು ಕಾಕಾಗಳು, ಮತ್ತೆ ಅತ್ತೆ. ಹೆಣ್ಣುಮಗಳು ಮದುವೆ ಆಗಿ ಹೋಗಿದ್ದಾಳೆ, ಅವಳ ಸಹಿ ಯಾಕೆ ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಅಂದವರಿಗೆ ಹೇಳಿ, ಅವರೂ ವಾರಸುದಾರರೇ. ಅತ್ತೆಯ ಸಹಿ ಇಲ್ಲದ ಫೈಲು ಇವತ್ತು ಹೇಗೋ ಪಾಸಾದರೂ ನಾಳೆ ಯಾರಾದರೂ ತಕರಾರು ತೆಗೆದರೆ ನಿಲ್ಲುವುದಿಲ್ಲ.

ನೇರ ಮೊಮ್ಮಗನಾದ ನಿಮ್ಮ ಹೆಸರಿಗೆ ಬದಲು ಅಪ್ಪನ ಹೆಸರಿಗೆ ಮಾಡಿಸಿ, ಸಲೀಸು. ಇನ್ಶೂರೆನ್ಸ್ ಕೂಡ ಅದೇ ಹೆಸರಿಗೆ. ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ತಂದರೆ ಮೊದಲ ಸಲ 2,000 ದಂಡ. ದಂಡ ಹಾಳಾಗಲಿ, ಯಾರಿಗಾದರೂ ತಾಗಿದರೆ ಹೊಲ ಮಾರಬೇಕಾಗುತ್ತದೆ.

ಆರ್‌ಸಿ ಬುಕ್ಕಿನ ತೂತಿನ ವಿಷಯ. ಗಾಡಿ ಮೊದಲು ರಿಜಿಸ್ಟರ್ ಆದ ಕಚೇರಿಯಲ್ಲಿ ಬಿ ರಿಜಿಸ್ಟರ್, ಅಂದರೆ ಗಾಡಿಯ ಮೂಲ ವಿವರದ ದಾಖಲೆ ಪುಸ್ತಕ, ಇರುತ್ತದೆ. ಅದರ ನಕಲಿಗೆ ಬಿ ಎಕ್ಸ್‌ಟ್ರಾಕ್ಟ್ ಅನ್ನುತ್ತಾರೆ, ಮಾಲೀಕರ ಕಡೆಯವರು ಅರ್ಜಿ ಕೊಟ್ಟು ಪಡೆಯಬಹುದು. 1967ರಲ್ಲಿ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ, 1997ರವರೆಗೆ ನಾವೆಲ್ಲ ವಿಜಾಪುರ ಜಿಲ್ಲೆ. ಹಾಗಾಗಿ ಕೆಎ 48 ಜಮಖಂಡಿ, ಕೆಎ 29 ಬಾಗಲಕೋಟೆ, ಕೆಎ 28 ವಿಜಯಪುರ, ಈ ಮೂರರಲ್ಲಿ ನಿಮ್ಮ ಕಡತ ಎಲ್ಲಿದೆ ಅಂತ ಮೊದಲು ವಿಚಾರಿಸಿ. 2018ರ ರಿನ್ಯೂವಲ್ ರಸೀದಿ ಇದ್ದರೆ ಅದರ ಮೇಲಿನ ಕಚೇರಿ ಮೊಹರು ನೋಡಿ, ಅಲ್ಲಿಂದ ಶುರು ಮಾಡಿ. ಕಾಗದ ಹಾಳಾಗಿರುವುದರಿಂದ ಫಾರ್ಮ್ 26ರಲ್ಲಿ ಡೂಪ್ಲಿಕೇಟ್ ಆರ್‌ಸಿ ಕೇಳಬೇಕಾಗಬಹುದು. ಆ ಗೆದ್ದಲು ತಿಂದ ಬುಕ್ಕನ್ನು ಮಾತ್ರ ಎಸೆಯಬೇಡಿ, ಹಾಗೇ ಪ್ಲಾಸ್ಟಿಕ್ ಚೀಲದಲ್ಲಿಡಿ. ನಮ್ಮ ಹಳೇ ಬಾಗಲಕೋಟೆ ಮುಳುಗಿದಾಗ ಮನೆ ಬಿಟ್ಟು ಬಂದವರಲ್ಲಿ ಟ್ರಂಕಿನ ತಳದಲ್ಲಿದ್ದ ಇಂಥ ಅರ್ಧ ಹರಿದ ಕಾಗದವೇ ಎಷ್ಟೋ ಜನರನ್ನು ಉಳಿಸಿದೆ.


ಉದ್ಯಮಬಾಗ್_ಲೇತ್

ಅಕ್ಕಾ ಹೇಳಿದ್ದು ಕಾಗದದ ಮಾತು. ನಾನು ಕಬ್ಬಿಣದ ಮಾತು ಹೇಳುತ್ತೇನೆ. ಬೆಳಗಾವಿ ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್, ಹಳೇ ಎಂಜಿನ್ ಬ್ಲಾಕು ಬೋರ್ ಮಾಡುವ ಕೆಲಸ ಆಗಾಗ ಬರುತ್ತದೆ.

"ನಂಬರ್ ಹೊಡಸೂಣ" ಅನ್ನುವ ಮಾತು ಬಂದ ಕೂಡಲೇ ಎದ್ದು ಬಂದುಬಿಡಬೇಕು. ನನ್ನ ಹತ್ತಿರವೂ ಬರುತ್ತಾರೆ, ಪಂಚ್ ಸೆಟ್ (ಲೋಹದ ಮೇಲೆ ನಂಬರ್ ಹೊಡೆಯುವ ಅಚ್ಚು) ಇದೆಯಾ ಅಂತ. ಗುಜರಿಗೆ ಹೋದ ಯಾವುದೋ ಗಾಡಿಯ ಆರ್‌ಸಿ ಹಿಡಿದುಕೊಂಡು ಬಂದು, ಇದರ ನಂಬರು ಅದರ ಮೇಲೆ ಹೊಡಿ ಅನ್ನುತ್ತಾರೆ. ಅದು ಕಳ್ಳ ಗಾಡಿ ಮಾಡುವ ಕೆಲಸ. ನಿಮ್ಮದು ಅಪ್ಪಟ ಗಾಡಿ. ಅದಕ್ಕೆ ಒಂದು ಪಂಚ್ ಬಿದ್ದರೂ ಅವತ್ತಿನಿಂದ ಅದು ಅಪ್ಪಟ ಅಲ್ಲ. ಇನ್ಸ್‌ಪೆಕ್ಟರ್ ಕಣ್ಣಿಗೆ ಹೊಸ ಪಂಚು ಬೇಗ ಕಾಣುತ್ತದೆ. ಅಂಚು ಹರಿತ ಇರುತ್ತದೆ, ಸಾಲು ಸೊಟ್ಟ ಇರುತ್ತದೆ.

ನನ್ನ ಅನುಮಾನ, ನೀವು ನಂಬರು ತಪ್ಪು ಓದಿದ್ದೀರಿ. ಎಲ್ಲರೂ ಓದುತ್ತಾರೆ. ಹೀಗೆ ಮಾಡಿ. ಬಾನೆಟ್ ಎತ್ತಿ, ನಂಬರು ಇರುವ ಜಾಗಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬಟ್ಟೆ ಒಂದು ರಾತ್ರಿ ಒತ್ತಿಡಿ. ಬೆಳಿಗ್ಗೆ ಹಿತ್ತಾಳೆ ಬ್ರಶ್‌ನಿಂದ ಮೆಲ್ಲಗೆ ತಿಕ್ಕಿ. ಹಿತ್ತಾಳೆ ಬ್ರಶ್ ಇಲ್ಲದಿದ್ದರೆ ಹಳೇ ಹಲ್ಲುಜ್ಜುವ ಬ್ರಶ್ ಆದರೂ ನಡೆಯುತ್ತದೆ. ಗ್ರೈಂಡರ್ ಬೇಡ, ಸಾಣೆ ಕಾಗದ ಕೂಡ ಬೇಡ. ಪೇಂಟರ್ ಹುಡುಗರು ಬಣ್ಣ ಹೊಡೆಯುವ ಹುರುಪಿನಲ್ಲಿ ಇಲ್ಲೇ ಗ್ರೈಂಡರ್ ಆಡಿಸಿ ನಂಬರನ್ನೇ ಅಳಿಸಿಬಿಡುತ್ತಾರೆ. ಒರೆಸಿದ ಮೇಲೆ ತೆಳು ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಸವರಿ. ಕಣ್ಣಿಗೆ ಕಾಣದ್ದು ಪೆನ್ಸಿಲ್‌ಗೆ ಸಿಗುತ್ತದೆ. ಅರ್ಜಿಗೆ ಹಚ್ಚಲೂ ಇದೇ ಅಚ್ಚು ಬೇಕು, ಎರಡು ಮೂರು ತೆಗೆದಿಟ್ಟುಕೊಳ್ಳಿ. ಎಂಜಿನ್ ನಂಬರು ಬೇರೆ, ಬ್ಲಾಕಿನ ಮೇಲೆ ಇರುತ್ತದೆ. ಅದನ್ನೂ ತೆಗೆಯಿರಿ.

ಎಂಜಿನ್ ಮೂಲದ್ದೇ ತಾನೇ? ಒಂದು ಕಾಲದಲ್ಲಿ ಪೆಟ್ರೋಲ್ ದುಬಾರಿ ಅಂತ ನಮ್ಮ ಕಡೆ ಎಷ್ಟೋ ಅಂಬಾಸಿಡರ್, ಫಿಯೆಟ್‌ಗಳ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದರು. ಅಂಥ ಗಾಡಿಗೆ ವಿಂಟೇಜ್ ಮಾತು ಮುಗಿಯಿತು. ಮಾಮೂಲಿ ರಿನ್ಯೂವಲ್‌ಗೂ ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು. ಅದೇ ಬ್ಲಾಕನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಅದು ನನ್ನ ಪ್ರಕಾರ ಬರೀ ರಿಪೇರಿ, ನಂಬರು ಅದೇ ಇರುತ್ತದಲ್ಲ.

ಐದಾರು ವರ್ಷ ನಿಂತ ಗಾಡಿ. ಸೀದಾ ಚಾವಿ ತಿರುಗಿಸಬೇಡಿ. ಮೊದಲು ಪ್ಲಗ್ ಬಿಚ್ಚಿ, ಒಳಗೆ ಎರಡು ಚಮಚ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು, ಕೈಯಿಂದ ತಿರುಗಿಸಿ ನೋಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದು ವಾರ್ನಿಶ್ ವಾಸನೆ ಹೊಡೆಯುತ್ತಿರುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರಿನ ರಬ್ಬರ್ ಎಲ್ಲ ಬದಲಿಸಿ. ಈಗಿನ ಪೆಟ್ರೋಲ್‌ನಲ್ಲಿ 20 ಭಾಗ ಎಥನಾಲ್. ಆ ಕಾಲದ ರಬ್ಬರನ್ನು ಅದು ಕರಗಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ನೋಡಿ ಹೇಗಿದೆ, ನಮ್ಮ ಮುಧೋಳ, ಜಮಖಂಡಿ, ಗೋಕಾಕದ ಕಬ್ಬೇ ಫ್ಯಾಕ್ಟರಿಗೆ ಹೋಗಿ ಎಥನಾಲ್ ಆಗಿ, ಬೆಲ್ಲದ ವ್ಯಾಪಾರಿಯ ಕಾರಿನ ಪೈಪು ತಿನ್ನಲು ವಾಪಸ್ ಬರುತ್ತದೆ.

ಎಂಜಿನ್‌ಗಿಂತ ಮೊದಲು ಬ್ರೇಕು ಮಾಡಿಸಿ. ನಾಲ್ಕೂ ಡ್ರಮ್ ಹಿಡಿದುಕೊಂಡಿರುತ್ತವೆ, ವೀಲ್ ಸಿಲಿಂಡರ್ ಸೋರುತ್ತಿರುತ್ತದೆ. ರಿನ್ಯೂವಲ್‌ಗೆ ಗಾಡಿ ತೋರಿಸುವಾಗ ಹಾರ್ನು, ಲೈಟು, ವೈಪರ್, ಹ್ಯಾಂಡ್‌ಬ್ರೇಕು ಎಲ್ಲ ನೋಡುತ್ತಾರೆ, ಎಮಿಷನ್ ಬೇರೆ. ತೋರಿಸಲು ಓಡಿಸಿಕೊಂಡು ಹೋಗಬೇಡಿ, ಟೋ ಗಾಡಿಯ ಮೇಲೆ ಹೇರಿಕೊಂಡು ಹೋಗಿ.


ಜಮಖಂಡಿ_ಬೆಲ್ಲ

ಕಾಕಾ, ಅಕ್ಕಾ, ಲೇತ್ ಅಣ್ಣಾ, ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹನ್ನೆರಡು ದಿನದಲ್ಲಿ ಏನೇನಾಯಿತು ಅಂತ ಹೇಳುತ್ತೇನೆ.

ಮೊದಲು ನನ್ನ ಮರ್ಯಾದೆ ಹೋದ ಸುದ್ದಿ. ಸೀಮೆಎಣ್ಣೆ ಬಟ್ಟೆ ಇಟ್ಟು, ಬೆಳಿಗ್ಗೆ ತಿಕ್ಕಿ, ಪೆನ್ಸಿಲ್ ಸವರಿದೆ. ನಾನು 8 ಅಂತ ಓದಿದ್ದು 3. ತುಕ್ಕಿನ ಒಂದು ಗುಳ್ಳೆ ಆ 3ರ ಎಡಗಡೆ ಸರಿಯಾಗಿ ಕೂತು ಅದನ್ನು 8 ಮಾಡಿತ್ತು. ಸರಿಯಾದ ಐದು ಅಂಕಿ ಹಾಕಿದ ಕೂಡಲೇ ಆನ್‌ಲೈನ್‌ನಲ್ಲಿ ಅಜ್ಜನ ಹೆಸರು ಬಂತು. ಅದನ್ನು ಅಪ್ಪನಿಗೆ ತೋರಿಸಿದೆ. ಮೊಬೈಲ್ ಹಿಡಿದುಕೊಂಡು ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ. ಎಂಜಿನ್ ನಂಬರು ಕೂಡ ತಾಳೆ ಆಗಿದೆ, ಡೀಸೆಲ್ ಗೀಸೆಲ್ ಏನೂ ಕೂರಿಸಿಲ್ಲ. ಆರ್‌ಸಿಯಲ್ಲಿ ಪದ್ಮಿನಿ ಅಂತ ಎಲ್ಲೂ ಇಲ್ಲ, ಕಾಕಾ ಹೇಳಿದ ಹಾಗೆ ಫಿಯೆಟ್ 1100 ಅಂತಲೇ ಇದೆ. ನಾನು ಇಷ್ಟು ವರ್ಷ ಪದ್ಮಿನಿ ಪದ್ಮಿನಿ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ.

ಮರಣ ಪ್ರಮಾಣಪತ್ರ ಇತ್ತು, ವಂಶವೃಕ್ಷಕ್ಕೆ ಅರ್ಜಿ ಹಾಕಿದೆ. ಕಾಕಾಗಳಿಬ್ಬರೂ ಸಹಿಗೆ ಒಪ್ಪಿದರು. ವಕೀಲ ಅಕ್ಕ ಹೇಳಿದ ಮಾತು ಸುಳ್ಳಾಗಲಿಲ್ಲ, ಸಣ್ಣ ಕಾಕಾ "ಆಕಿ ಸಹಿ ಯಾಕಪಾ ಈಗ" ಅಂದೇ ಅಂದರು. ನಾನು ಸಾಂಗ್ಲಿಗೆ ಅತ್ತೆ ಮನೆಗೆ ಬಸ್ಸಿನಲ್ಲಿ ಹೋದೆ, ಬಾಂಡ್ ಪೇಪರ್ ಹಿಡಿದುಕೊಂಡು. ಅತ್ತೆಗೆ ಈಗ 67. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಹೇಳಿದರು, "ಸಹಿ ಮಾಡ್ತೀನಿ. ಆದರ ಬನಶಂಕರಿ ಜಾತ್ರಿಗೆ ಆ ಗಾಡ್ಯಾಗ ನನ್ನ ಕರಕೊಂಡು ಹೋಗಬೇಕು. ಮುಂದಿನ ಸೀಟಿನ್ಯಾಗ, ನಡುವ ಕೂಡಾವಕಿ ನಾನ."

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ವಿಂಟೇಜ್ ಮಾಡಿಸಿದರೆ ಜಾತ್ರೆಗೆ ಹೋಗುವ ಹಾಗಿಲ್ಲ. ಅತ್ತೆಗೆ ನಿಯಮ 81 ಓದಿ ಹೇಳುವ ಧೈರ್ಯ ನನಗಿಲ್ಲ. ಮಾಮೂಲಿ ರಿನ್ಯೂವಲ್ಲೇ ಮಾಡಿಸುತ್ತೇನೆ. ಹೆಸರು ಬದಲಾವಣೆಯ ಫಾರ್ಮ್ 31, ರಿನ್ಯೂವಲ್‌ನ ಫಾರ್ಮ್ 25 ಎರಡೂ ತುಂಬಿಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ. ಗಾಡಿ ಈಗ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಇದೆ, ನಾಲ್ಕೂ ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂತಿದೆ. ಎರಡು ವೀಲ್ ಸಿಲಿಂಡರ್ ಹೋಗಿವೆ. ಇಲ್ಲಿ ಸಿಗಲಿಲ್ಲ, ಕೊಲ್ಹಾಪುರದಿಂದ ತರಿಸಬೇಕು.

ಒಂದೇ ಪ್ರಶ್ನೆ ಉಳಿದಿದೆ. ಆ ಕರಿ ಪ್ಲೇಟು ಹಾಕಿಕೊಂಡು ಓಡಿಸಬಹುದಾ?


ಕ್ಯಾಂಪ್_ಕಾಕಾ

ಇಲ್ಲ ತಮ್ಮಾ. ನಂಬರು ನಿನ್ನದೇ ಇರುತ್ತದೆ, ಆದರೆ ಪ್ಲೇಟು ಈಗಿನ ಕಾನೂನಿನ ಪ್ರಕಾರ ಬಿಳಿ ಪ್ಲೇಟು, ಕರಿ ಅಕ್ಷರ. ಈಗ ಕರಿ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ತಗೊಂಡು ನಾವೇ ಓಡಿಸುವ ಗಾಡಿ ಅಂತ ಲೆಕ್ಕ. ನಿನ್ನ ಕರಿ ಪ್ಲೇಟು ನೋಡಿ ಪೊಲೀಸಿನವರು ಜಾತ್ರೆ ದಾರಿಯಲ್ಲಿ ನಿಲ್ಲಿಸಿದರೆ ಅತ್ತೆ ಮುಂದೆ ನಿನ್ನ ಗತಿ ಏನು? 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಹಾಕಿಸಿ ಅಂತ ನಮ್ಮ ರಾಜ್ಯದಲ್ಲಿ 2023ರಲ್ಲೇ ಆದೇಶ ಆಗಿದೆ, ಅದನ್ನೂ ನೋಡಿಕೋ. ಹಳೇ ಪ್ಲೇಟಿಗೆ ಹೊಸ ಬಣ್ಣ ಮಾತ್ರ ಹೊಡೆಸಬೇಡ, ಆ ಪೇಂಟರನ ಕೈ ಹಾಗೇ ಇರಲಿ. ನನ್ನ ಅಂಬಾಸಿಡರಿನದು ಪಡಸಾಲೆಯಲ್ಲಿ ನಮ್ಮ ಅಪ್ಪನ ಫೋಟೋ ಕೆಳಗೆ ಮೊಳೆ ಹೊಡೆದು ಹಾಕಿದ್ದೇನೆ.

ವೀಲ್ ಸಿಲಿಂಡರ್ ತರಿಸುವಾಗ ಎರಡಲ್ಲ, ನಾಲ್ಕೂ ತರಿಸು. ಉಳಿದ ಎರಡು ಬಾದಾಮಿ ದಾರಿಯಲ್ಲೇ ಹೋಗುತ್ತವೆ.


ಉದ್ಯಮಬಾಗ್_ಲೇತ್

ಕೊಲ್ಹಾಪುರದಲ್ಲಿ ಸಿಗದಿದ್ದರೆ ಹಳೇ ಸಿಲಿಂಡರನ್ನೇ ನನಗೆ ಕಳಿಸಿ. ಒಳಗೆ ಸ್ಟೀಲ್ ಸ್ಲೀವ್ ಹಾಕಿ ಕೊಡುತ್ತೇನೆ, ರಬ್ಬರ್ ಕಪ್ ಮಾತ್ರ ನೀವು ಹೊಂದಿಸಿಕೊಳ್ಳಿ. ಬನದ ಹುಣ್ಣಿಮೆ ಜನವರಿಯಲ್ಲಿ ಬರುತ್ತದೆ, ದಿನ ಜಾಸ್ತಿ ಇಲ್ಲ.


ಜಮಖಂಡಿ_ಬೆಲ್ಲ

ನಾಲ್ಕೂ ಬಿಚ್ಚಿಸಿ ನಾಳೆಯೇ ಬೆಳಗಾವಿ ಬಸ್ಸಿಗೆ ಹಾಕುತ್ತೇನೆ ಅಣ್ಣಾ. ಈಗಷ್ಟೇ ಅತ್ತೆ ಫೋನ್ ಮಾಡಿದ್ದರು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅವರು ಚಿಕ್ಕವರಿದ್ದಾಗ ಬಚ್ಚಿಟ್ಟ ಒಂದು ಬಳೆ ಇರಬೇಕಂತೆ, ನೋಡು ಅಂದರು. ನೋಡಿದೆ. ಬಳೆ ಇಲ್ಲ. 1981ರ ಒಂದು ಬೆಲ್ಲದ ಚೀಟಿ ಇತ್ತು, ಅಜ್ಜನ ಅಕ್ಷರದಲ್ಲಿ.